ಸಮುದ್ರಕ್ಕೆ ಹೋಗುವ ನೀರು

28 ಸೆಪ್ಟೆಂಬರ್ 2025, ಭಾನುವಾರ
ಕಲಬುರಗಿ

ಭೀಮೆ ತುಂಬಿ ಹರಿಯುತ್ತಿದೆ. ಅಫಜಲಪುರದಿಂದ ಬಂದ ಸೋದರಮಾವ, ಹೊಲದ ತೊಗರಿ ನೀರಿನಲ್ಲಿ ನಿಂತದ್ದನ್ನು ಹೇಳಿ, "ಇಷ್ಟೆಲ್ಲಾ ನೀರು ಸಮುದ್ರಕ್ಕ ಹೋಗಿ ಹಾಳಾಗ್ತದ ನೋಡಪಾ" ಎಂದರು. ನಮ್ಮ ಭಾಗದಲ್ಲಿ ಇದನ್ನು ಒಪ್ಪದವರು ವಿರಳ. ನಾನು ಒಪ್ಪುವುದಿಲ್ಲ.

ಭೀಮೆಯು ಯಾದಗಿರಿಯನ್ನು ದಾಟಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆಯು ವಿಜಯವಾಡದ ಕೆಳಗೆ ಕವಲೊಡೆದು ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಅಲ್ಲಿನ ದಿವಿಸೀಮೆಯ ತಗ್ಗು ನೆಲವು ದಖ್ಖನ್ನಿನ ಕಪ್ಪು ಮಣ್ಣು ಸೇರಿದಂತೆ ನದಿಯು ಸಾವಿರಾರು ವರ್ಷ ಹೊತ್ತು ತಂದ ಹೂಳಿನಿಂದಲೇ ಆದದ್ದು. ಅಲೆಗಳು ಅದರ ಅಂಚನ್ನು ಕೊರೆದು ಮರಳನ್ನು ದಡದುದ್ದಕ್ಕೂ ಸಾಗಿಸುತ್ತಲೇ ಇರುತ್ತವೆ, ಆ ನಷ್ಟವನ್ನು ನದಿಯು ಪ್ರತಿ ಮಳೆಗಾಲದಲ್ಲಿ ತುಂಬಿಕೊಡಬೇಕು. ಮೆತ್ತನೆಯ ಹೂಳು ತನ್ನ ಭಾರಕ್ಕೆ ತಾನೇ ಕುಸಿಯುವುದರಿಂದ, ಹೊಸ ಪದರ ಬೀಳದಿದ್ದರೆ, ಏರುತ್ತಿರುವ ಸಮುದ್ರದ ಎದುರು ನೆಲ ಇನ್ನಷ್ಟು ತಗ್ಗುತ್ತದೆ. ಆದರೆ ಆ ಹೂಳಿನ ಬಹುಪಾಲು ಈಗ ಉಜನಿ, ನಾರಾಯಣಪುರ, ಶ್ರೀಶೈಲ ಮತ್ತು 1967ರಲ್ಲಿ ಪೂರ್ಣಗೊಂಡ ನಾಗಾರ್ಜುನಸಾಗರದಂಥ ಜಲಾಶಯಗಳ ತಳದಲ್ಲಿ ಕೂತಿದೆ. ನಮ್ಮ ಸೊನ್ನ, ಸನ್ನತಿ ಬ್ಯಾರೇಜುಗಳು ಪ್ರವಾಹದಲ್ಲಿ ಗೇಟು ತೆರೆಯುವುದರಿಂದ ಅವುಗಳ ಪಾಲು ಸಣ್ಣದೆಂದೇ ನನ್ನ ಭಾವನೆ.

ಆ ತೀರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಥೆ ಇನ್ನೂ ಜಟಿಲವಾದುದು. ಉಪ್ಪುನೀರಿನಲ್ಲಿ ಬದುಕುವ ಮರಗಳೆಂದು ಅವುಗಳಿಗೆ ಸಿಹಿನೀರು ಬೇಡವೆಂದಲ್ಲ. ನದಿಯ ಹರಿವು ಕುಗ್ಗಿ, ಬೇಸಿಗೆಯಲ್ಲಿ ಮಣ್ಣಿನ ಉಪ್ಪು ಮಿತಿಮೀರಿದಾಗ ಗಿಡಗಳು ಕುಳ್ಳಾಗಿ, ಸಸಿಗಳು ನಿಲ್ಲದೆ, ನೆಲ ಬರಡಾಗುತ್ತದೆ. ಬೇರುಗಳು ಹೂಳನ್ನು ಹಿಡಿಯುವುದು ನಿಂತರೆ ಕೊರೆತವೂ ಹೆಚ್ಚುತ್ತದೆ. ಆದರೂ ಎಲ್ಲವನ್ನೂ ಅಣೆಕಟ್ಟಿನ ತಲೆಗೆ ಕಟ್ಟುವುದು ಅನ್ಯಾಯ. ಸೀಗಡಿ ಕೃಷಿಯ ಹೊಂಡಗಳಿಗಾಗಿ ಮನುಷ್ಯರೇ ಕಾಡನ್ನು ಕಡಿದು ಬದು ಹಾಕಿದ್ದಾರೆ; 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಅಂಥ ಹೊಂಡಗಳಿಗೆ ತಡೆಯೊಡ್ಡಿತು, ಆದರೆ ಹೊಂಡಗಳು ಮಾಯವಾಗಲಿಲ್ಲ. 1977ರ ನವೆಂಬರ್ 19ರ ಚಂಡಮಾರುತದ ಉಬ್ಬರದಲೆಗೆ ಇದೇ ದಿವಿಸೀಮೆ ಮತ್ತು ಸುತ್ತಲ ತೀರದಲ್ಲಿ 10,000ಕ್ಕೂ ಹೆಚ್ಚು ಜನ ಸತ್ತದ್ದನ್ನು ನೆನೆದರೆ, ತೀರದ ಕಾಡನ್ನು ಬಯಲು ಮಾಡುವ ಧೈರ್ಯ ಹೇಗೆ ಬರುತ್ತದೋ!

ಕಲ್ಲಿನ ತಡೆಗೋಡೆಯಲ್ಲಿ ನನಗೆ ನಂಬಿಕೆಯಿಲ್ಲ. ಅದು ಒಂದೂರನ್ನು ಕಾದು, ಕೊರೆತವನ್ನು ಪಕ್ಕದೂರಿಗೆ ದಾಟಿಸುತ್ತದೆ. ಬರಡಾದ ಜೌಗಿನಲ್ಲಿ ಮೀನಿನ ಮುಳ್ಳಿನಾಕಾರದ ಕಾಲುವೆ ತೋಡಿ, ಉಬ್ಬರದ ನೀರನ್ನು ಒಳಗೆ ಹರಿಸಿ ಕಾಂಡ್ಲಾ ನೆಡುವ ಕ್ರಮ ಆಂಧ್ರದ ತೀರದಲ್ಲಿ ಫಲ ಕೊಟ್ಟಿದೆ. ಕಾಲುವೆ ತರುವುದು ಉಬ್ಬರದ ನೀರನ್ನಷ್ಟೇ, ಸಿಹಿನೀರೂ ಹೂಳೂ ಮೇಲಿನಿಂದಲೇ ಹೋಗಬೇಕು. ಇದನ್ನೆಲ್ಲ ಮಾವನಿಗೆ ಹೇಳಿದೆ. "ಹಂಗಾದ್ರ ಬ್ಯಾಸಗ್ಯಾಗ ನನ್ನ ಕಬ್ಬಿಗಿ ನೀರು ಯಾರು ಕೊಡ್ತಾರ?" ಎಂದು ಅವರು ಕೇಳಿದರು.