ನಂಪೈ ಮುಗಿದಿದೆಯಲ್ಲ, ಇನ್ನೇನು ಮಾಡ್ತೀರಿ?

"ನಂಪೈ ಬಂದು ಇಷ್ಟು ವರ್ಷ ಆಯ್ತು. ಎಲ್ಲರೂ ಬಳಸ್ತಾ ಇದ್ದಾರೆ. ಅದರಲ್ಲಿ ಇನ್ನೂ ಮಾಡೋದಕ್ಕೆ ಏನಿದೆ?" ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ಕೇಳುತ್ತಾರೆ. ಅದಕ್ಕೇ ಒಂದು ಸಲ ಬರೆದು ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಂಪೈ ಅನ್ನೋದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಒಂದು ಲೈಬ್ರರಿ, ಅಂದರೆ ಬೇರೆಯವರು ತಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡ್. ಲಕ್ಷಗಟ್ಟಲೆ ಸಂಖ್ಯೆಗಳನ್ನು ಒಂದು ಅರೇಯಲ್ಲಿ (ಸಾಲಾಗಿ ಜೋಡಿಸಿದ ಪಟ್ಟಿಯಲ್ಲಿ) ಇಟ್ಟುಕೊಂಡು, ಒಂದೊಂದನ್ನೂ ಬಿಡಿಬಿಡಿಯಾಗಿ ಲೆಕ್ಕ ಮಾಡೋ ಲೂಪ್ ಬರೆಯದೆ, ಇಡೀ ಅರೇಯನ್ನೇ ಕೂಡಬಹುದು, ಗುಣಿಸಬಹುದು. ಒಳಗೆ ಲೆಕ್ಕ ಮಾಡೋದು ಸಿ ಅನ್ನೋ ಇನ್ನೊಂದು ಭಾಷೆಯ ಕೋಡ್, ಅದಕ್ಕೇ ಅಷ್ಟು ವೇಗ. ಮೊದಲು ನ್ಯೂಮೆರಿಕ್ ಅಂತ ಒಂದು ಲೈಬ್ರರಿ ಇತ್ತು. ಆಮೇಲೆ ಹಬಲ್ ದೂರದರ್ಶಕದ ಕೆಲಸ ನೋಡಿಕೊಳ್ಳುವ ಸಂಸ್ಥೆಯವರು ನಮ್‌ಅರೇ ಅಂತ ಇನ್ನೊಂದು ಮಾಡಿದರು. ಬಳಸುವವರು ಎರಡು ಗುಂಪಾದರು. 2005ರಲ್ಲಿ ಟ್ರಾವಿಸ್ ಆಲಿಫ್ಯಾಂಟ್ ಎರಡನ್ನೂ ಸೇರಿಸಲು ಕೂತರು, 2006ರಲ್ಲಿ ನಂಪೈ 1.0 ಬಂತು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಕೋಡ್ ತೆರೆದು ಓದಬಹುದು, ತಿದ್ದಿ ಕಳಿಸಬಹುದು. ಹಾಗೆ ತಿದ್ದಿ ಕಳಿಸುವವರಲ್ಲಿ ನಾನೂ ಒಬ್ಬಳು. ಬೇರೆಯವರು ಕಳಿಸಿದ್ದನ್ನು ಓದಿ ನೋಡೋ ಕೆಲಸವನ್ನೂ ಮಾಡುತ್ತೇನೆ.

ಈಗ ಉತ್ತರ. ಮುಗಿದಿಲ್ಲ. ಮುಗಿಯೋದೂ ಇಲ್ಲ.

ಕೆಲವು ವರ್ಷದ ಹಿಂದೆ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಪಾಠ ಮಾಡಲು ಹೋಗಿದ್ದೆ. ಅರೇಯಲ್ಲಿರುವ ಸಂಖ್ಯೆಗಳ ವರ್ಗ ಕಂಡುಹಿಡಿಯೋ ಸುಲಭದ ಲೆಕ್ಕ ಕೊಟ್ಟಿದ್ದೆ. ಕೊನೆಯ ಸಂಖ್ಯೆ ಒಂದು ಲಕ್ಷ. ಲಿನಕ್ಸ್ ಹಾಕಿಕೊಂಡಿದ್ದ ಹುಡುಗನಿಗೆ 10,00,00,00,000 ಬಂತು. ಸಾವಿರ ಕೋಟಿ, ಸರಿಯಾದ ಉತ್ತರ. ಪಕ್ಕದ ಹುಡುಗಿಯದು ವಿಂಡೋಸ್ ಲ್ಯಾಪ್‌ಟಾಪ್. ಅವಳಿಗೆ 1,41,00,65,408 ಬಂತು. ಅಲ್ಲಿದ್ದ ಮೇಷ್ಟ್ರು, "ಏನೋ ತಪ್ಪು ಟೈಪ್ ಮಾಡಿದ್ದೀಯಮ್ಮ, ಅಳಿಸಿ ಮತ್ತೆ ಮಾಡು" ಅಂದರು. ಅವಳು ಅಳಿಸಿ ಮತ್ತೆ ಮಾಡಿದಳು. ಮತ್ತೆ ಅದೇ 1,41,00,65,408.

ಅವಳ ತಪ್ಪು ಏನೂ ಇರಲಿಲ್ಲ. ಆಗ ವಿಂಡೋಸ್‌ನಲ್ಲಿ ನಂಪೈ ಪೂರ್ಣಾಂಕಗಳನ್ನು 32 ಬಿಟ್‌ನಲ್ಲಿ, ಅಂದರೆ 32 ಸೊನ್ನೆ-ಒಂದುಗಳ ಜಾಗದಲ್ಲಿ, ಇಡುತ್ತಿತ್ತು. ಸಿ ಭಾಷೆಯಲ್ಲಿ 'ಲಾಂಗ್' ಅನ್ನೋ ಪೂರ್ಣಾಂಕ ಎಷ್ಟು ದೊಡ್ಡದೋ ನಂಪೈ ಪೂರ್ಣಾಂಕವೂ ಅಷ್ಟೇ ಅಂತ ಮೊದಲಿಂದ ಬಂದ ಲೆಕ್ಕ. ಲಿನಕ್ಸ್, ಮ್ಯಾಕ್‌ನಲ್ಲಿ ಲಾಂಗ್ ಅಂದ್ರೆ 64 ಬಿಟ್, ವಿಂಡೋಸ್‌ನಲ್ಲಿ 32. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಅದು ದಾಟಿದರೆ ಎಣಿಕೆ ಸುತ್ತು ಹೊಡೆಯುತ್ತದೆ. ಒಂದು ಪೂರ್ತಿ ಸುತ್ತು ಅಂದ್ರೆ 4,29,49,67,296. ಸಾವಿರ ಕೋಟಿಯಿಂದ ಅದನ್ನು ಎರಡು ಸಲ ಕಳೆಯಿರಿ, ಅವಳ ಉತ್ತರ ಬರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಉತ್ತರ ಮೈನಸ್ ಆಗಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಇದು ನೋಡೋದಕ್ಕೆ ಸರಿಯಾದ ಸಂಖ್ಯೆಯ ಹಾಗೇ ಇತ್ತು. ಪಕ್ಕದಲ್ಲಿ ಲಿನಕ್ಸ್ ಹುಡುಗ ಕೂತಿಲ್ಲದಿದ್ದರೆ ಅವಳು ಅದನ್ನೇ ಬರೆದುಕೊಂಡು ಮನೆಗೆ ಹೋಗುತ್ತಿದ್ದಳು.

ಇದನ್ನೆಲ್ಲ ಬೋರ್ಡ್ ಮೇಲೆ ಬಿಡಿಸಿ ತೋರಿಸಿದೆ. ಮಧ್ಯಾಹ್ನ ಚಹಾ ಕುಡಿಯುವಾಗ ಅದೇ ಮೇಷ್ಟ್ರು ಕೇಳಿದರು: "ಮೇಡಂ, ನಂಪೈ ಮುಗಿದಿರೋ ಪ್ರಾಡಕ್ಟ್ ಅಲ್ವಾ? ನೀವು ಸುಮ್ನೆ ಹವ್ಯಾಸಕ್ಕೆ ಮಾಡ್ತೀರಾ, ಇಲ್ಲಾ ರೆಸ್ಯೂಮೆಗೆ ಬೇಕು ಅಂತನಾ?"

ನನಗೆ ಸಿಟ್ಟು ಬಂತು. ಬೆಳಿಗ್ಗೆ ತಾನೇ ನಿಮ್ಮ ವಿದ್ಯಾರ್ಥಿನಿಗೆ ತಪ್ಪು ಉತ್ತರ ಬಂದಿದ್ದು ಕಣ್ಣಾರೆ ನೋಡಿದ್ದೀರಿ. ಅದನ್ನು ಸರಿಮಾಡೋದಕ್ಕೆ ಯಾರಾದರೂ ಕೂರಬೇಕಲ್ವಾ? 2024ರ ಜೂನ್‌ನಲ್ಲಿ ಬಂದ ನಂಪೈ 2.0ದಲ್ಲಿ ಅದು ಸರಿಹೋಯಿತು. ಈಗ 64 ಬಿಟ್ ವಿಂಡೋಸ್‌ನಲ್ಲೂ ಸಾವಿರ ಕೋಟಿಯೇ ಬರುತ್ತದೆ. 1.0 ಬಂದ ಮೇಲೆ ಇಷ್ಟು ದೊಡ್ಡ ಬದಲಾವಣೆಗೆ ಸುಮಾರು 18 ವರ್ಷ ಬೇಕಾಯಿತು. ಬದಲಾಯಿಸೋ ಸಾಲು ಕಷ್ಟದ್ದು ಅಂತಲ್ಲ. 32 ಬಿಟ್ ಅಂತಲೇ ನಂಬಿಕೊಂಡು ಬರೆದ ಕೋಡ್ ಊರೆಲ್ಲ ಇತ್ತು. ಅವರನ್ನು ಬೀದಿಗೆ ಹಾಕದೆ ಬದಲಾಯಿಸೋದು ಕಷ್ಟ.

ಇನ್ನೊಂದು ವಿಷಯ. ನಾವು ಒಂದು ಅಕ್ಷರ ಮುಟ್ಟದಿದ್ದರೂ ನಂಪೈ ಕೆಡುತ್ತದೆ. 2020ರಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್ ಬಂತು. ಅದರಲ್ಲಿ ಭಾಗಾಕಾರದ ಶೇಷ ಕೊಡುವ 'ಎಫ್‌ಮಾಡ್' ಫಂಕ್ಷನ್‌ನಲ್ಲಿ ಒಂದು ಬಗ್ ಸೇರಿಕೊಂಡಿತ್ತು. ಅದು ತನ್ನ ಲೆಕ್ಕ ಮುಗಿಸಿ ಹೋಗುವಾಗ ಪ್ರೊಸೆಸರ್‌ನ ರಿಜಿಸ್ಟರ್‌ನಲ್ಲಿ (ಲೆಕ್ಕ ಮಾಡುವಾಗ ಸಂಖ್ಯೆ ಇಟ್ಟುಕೊಳ್ಳೋ ಜಾಗದಲ್ಲಿ) ಕಸ ಬಿಟ್ಟು ಹೋಗುತ್ತಿತ್ತು. ಆಮೇಲೆ ಅದೇ ರಿಜಿಸ್ಟರ್ ಬಳಸುವ ಓಪನ್‌ಬ್ಲಾಸ್ ಅನ್ನೋ ಇನ್ನೊಂದು ಲೈಬ್ರರಿಗೆ ತೊಂದರೆ. ನಂಪೈ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ನೆಚ್ಚಿಕೊಂಡಿರೋದು ಓಪನ್‌ಬ್ಲಾಸ್ ಅನ್ನೇ. ಬಗ್ ಇರೋದು ಒಂದು ಕಡೆ, ಕಾಣಿಸಿಕೊಳ್ಳೋದು ಇನ್ನೊಂದು ಕಡೆ, ಬೈಗುಳ ತಿನ್ನೋದು ನಂಪೈ. ನಂಪೈ 1.19.3 ಆವೃತ್ತಿಯಲ್ಲಿ ಹೊಸ ಓಪನ್‌ಬ್ಲಾಸ್ ಹಾಕಿ ದಾಟಿಕೊಳ್ಳಲು ನೋಡಿದರು. ಅದು ಕೆಲವು ಡಾಕರ್ ಕಂಟೇನರ್‌ಗಳಲ್ಲಿ (ಪ್ರೋಗ್ರಾಂಗಳನ್ನು ಬೇರೆಯಾಗಿಟ್ಟು ಓಡಿಸುವ ಡಬ್ಬಿಗಳಂಥವು) ತಕರಾರು ಮಾಡಿತು. 1.19.4ರಲ್ಲಿ ಹಳೇದನ್ನೇ ವಾಪಸ್ ತಂದು, ನಂಪೈಯನ್ನು ಇಂಪೋರ್ಟ್ ಮಾಡುವಾಗಲೇ, ಅಂದರೆ ಪ್ರೋಗ್ರಾಂಗೆ ಸೇರಿಸಿಕೊಳ್ಳುವಾಗಲೇ, ಒಂದು ಸಣ್ಣ ಲೆಕ್ಕ ಮಾಡಿ ನೋಡುವ ಹಾಗೆ ಮಾಡಿದರು. ಉತ್ತರ ಕೆಟ್ಟಿದ್ದರೆ ಅಲ್ಲೇ ನಿಲ್ಲಿಸಿ ಎರರ್ ಕೊಡುತ್ತದೆ. ತಪ್ಪು ಲೆಕ್ಕ ಕೊಡೋದಕ್ಕಿಂತ ಲೆಕ್ಕವನ್ನೇ ಮಾಡದಿರೋದು ಮೇಲು ಅನ್ನೋ ಆ ತೀರ್ಮಾನ ನನಗೆ ಇವತ್ತಿಗೂ ತುಂಬಾ ಹಿಡಿಸುತ್ತದೆ. ಪೈಥಾನ್ ಕೂಡ ಬದಲಾಗುತ್ತಲೇ ಇರುತ್ತದೆ. ಪೈಥಾನ್ 3.12ರಲ್ಲಿ, ಕೋಡನ್ನು ಕಟ್ಟಿ ಸಿದ್ಧಪಡಿಸೋ ಡಿಸ್ಟ್ಯುಟಿಲ್ಸ್ ಅನ್ನೋ ಸಾಧನವನ್ನೇ ತೆಗೆದರು, ನಂಪೈಯ ಆ ಬಿಲ್ಡ್ ವ್ಯವಸ್ಥೆಯನ್ನು ಪೂರ್ತಿ ಮೆಸನ್ ಅನ್ನೋ ಬೇರೆ ಸಾಧನಕ್ಕೆ ಸಾಗಿಸಬೇಕಾಯಿತು.

ಇದರ ಬೆನ್ನಿಗೇ ಬರೋ ಪ್ರಶ್ನೆ, "ದುಡ್ಡು ಕೊಡ್ತಾರಾ?" ನನಗೆ ಕೊಡೋದಿಲ್ಲ. ಕೆಲವರಿಗೆ ಸಿಗುತ್ತದೆ, ಸಿಗಲೇಬೇಕು. ಮೂರ್ ಫೌಂಡೇಶನ್, ಸ್ಲೋನ್ ಫೌಂಡೇಶನ್‌ಗಳಿಂದ ನಂಪೈಗೆಂದೇ ದೊಡ್ಡ ಅನುದಾನ ಸಿಕ್ಕಿದ್ದು 2017ರಿಂದ ಈಚೆಗೆ. 2015ರಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಗುರುತ್ವದ ಅಲೆಗಳನ್ನು ಹಿಡಿದಾಗ ಆ ಲೆಕ್ಕಗಳ ಅಡಿಯಲ್ಲಿ ನಂಪೈ ಇತ್ತು. ಆಗ ಅದನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚಾಗಿ ಬಿಡುವಿನ ಸಮಯ ಕೊಟ್ಟವರು. ಇದು ಸರಿ ಅಂತ ನಾನು ಯಾವತ್ತೂ ಹೇಳೋದಿಲ್ಲ.

ಒಂದು ಪ್ರಶ್ನೆ ಮಾತ್ರ ನನ್ನನ್ನು ಯಾರೂ ಕೇಳಿಲ್ಲ. "ಹತ್ತು ವರ್ಷದ ಹಿಂದೆ ಬರೆದ ನನ್ನ ಕೋಡ್ ಇವತ್ತೂ ಓಡ್ತಾ ಇದೆಯಲ್ಲ, ಅದು ಹೇಗೆ?" ಇದನ್ನು ಕೇಳಿ ನೋಡಿ, ರಾತ್ರಿ ಪೂರ್ತಿ ಕೂತು ಹೇಳುತ್ತೇನೆ.

ಸದ್ಯಕ್ಕೆ ಒಂದು ಉದಾಹರಣೆ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿ, ಆಮೇಲೆ 0.3 ಕೂಡಿ. 0.6000000000000001 ಬರುತ್ತದೆ. ಮೊದಲು 0.2 ಮತ್ತು 0.3 ಕೂಡಿಕೊಂಡು ಆಮೇಲೆ 0.1 ಸೇರಿಸಿ. 0.6 ಬರುತ್ತದೆ. ಅವೇ ಮೂರು ಸಂಖ್ಯೆ, ಕೂಡುವ ಕ್ರಮ ಬೇರೆ, ಅಷ್ಟೇ. ಈಗ ಯಾರೋ ಒಬ್ಬರು ಅರೇಯನ್ನು ಜಾಸ್ತಿ ವೇಗವಾಗಿ ಕೂಡುವ ಕೋಡ್ ಕಳಿಸುತ್ತಾರೆ ಅಂದುಕೊಳ್ಳಿ. ವೇಗ ಬಂದಿದ್ದೇ ಕೂಡುವ ಕ್ರಮ ಬದಲಾಯಿಸಿದ್ದರಿಂದ. ಕೊನೆಯ ಅಂಕಿ ಅಲ್ಲಾಡುತ್ತದೆ. ಆ ಅಂಕಿಯನ್ನೇ ನಂಬಿಕೊಂಡ ಟೆಸ್ಟ್ (ಉತ್ತರ ಸರಿಯೇ ಅಂತ ತಾನೇ ನೋಡೋ ಕೋಡ್) ಇನ್ನೊಂದು ಲೈಬ್ರರಿಯಲ್ಲಿ ಇದ್ದರೆ ಅದು ಬೀಳುತ್ತದೆ. ಹೊಸ ಉತ್ತರ ಹಳೇದಕ್ಕಿಂತ ನಿಜಕ್ಕೆ ಹತ್ತಿರವೇ, ದೂರವೇ? ದೊಡ್ಡ ಅರೇಯಲ್ಲಿ ಏನಾಗುತ್ತದೆ? ಪೂರ್ತಿ ಖಾಲಿ ಅರೇ ಕೊಟ್ಟರೆ? ಇವನ್ನೆಲ್ಲ ಕೇಳದೆ ನಾನು ಒಪ್ಪಿಗೆ ಕೊಡೋದಿಲ್ಲ. ಕಳಿಸಿದವರಿಗೆ ಬೇಜಾರಾಗುತ್ತದೆ, ನನಗೆ ಗೊತ್ತು. ಆದರೂ ಕೇಳುತ್ತೇನೆ.

ನಂಪೈಯಿಂದ ಏನನ್ನಾದರೂ ತೆಗೆಯೋದಂತೂ ಇನ್ನೂ ನಿಧಾನ. ಕೋಡ್‌ನಲ್ಲಿ ಬರೆಯೋ ಎನ್‌ಪಿ ಡಾಟ್ ಇಂಟ್ (np.int) ಅಂತ ಒಂದು ಹೆಸರಿತ್ತು. ಅದು ಪೈಥಾನ್‌ನ ಮಾಮೂಲಿ ಇಂಟ್, ಅಂದರೆ ಪೂರ್ಣಾಂಕ, ಬೇರೆ ಏನೂ ಅಲ್ಲ. ಜನ ಅದನ್ನು ನಂಪೈನದೇ ಯಾವುದೋ ವಿಶೇಷ ಪೂರ್ಣಾಂಕ ಅಂದುಕೊಂಡಿದ್ದರು. 2021ರ ಜನವರಿಯಲ್ಲಿ ಬಂದ 1.20ಯಿಂದ ವಾರ್ನಿಂಗ್ ಶುರುವಾಯಿತು. 2022ರ ಡಿಸೆಂಬರ್‌ನಲ್ಲಿ 1.24 ಬಂದಾಗ ತೆಗೆದರು. ಹೆಚ್ಚುಕಡಿಮೆ ಎರಡು ವರ್ಷ ಹೇಳುತ್ತಲೇ ಇದ್ದೆವು. ಆದರೂ "ಹೇಳದೆ ಕೇಳದೆ ಕಿತ್ತುಹಾಕಿದಿರಿ" ಅಂತ ಬೈಸಿಕೊಂಡೆವು.

ಆದ್ದರಿಂದ ವಾರ್ನಿಂಗ್ ಬಂದರೆ ದಯವಿಟ್ಟು ಓದಿ, ಅದನ್ನು ಮುಚ್ಚಿಹಾಕೋ ಸಾಲು ಬರೆಯಬೇಡಿ. ಹೊಸ ಆವೃತ್ತಿಗೆ ಮುಂಚೆ ಪರೀಕ್ಷೆಗೆ ಅಂತ ಒಂದು ಆವೃತ್ತಿ ಬಿಡುತ್ತಾರೆ. ನಿಮ್ಮ ಕೋಡನ್ನು ಒಂದು ಸಲ ಅದರ ಮೇಲೆ ಓಡಿಸಿ. ಉತ್ತರ ಬೇರೆ ಬಂದರೆ ತಿಳಿಸಿ: ಯಾವ ಆಪರೇಟಿಂಗ್ ಸಿಸ್ಟಮ್, ಯಾವ ಪೈಥಾನ್, ಯಾವ ನಂಪೈ, ಮತ್ತು ಆ ತಪ್ಪನ್ನು ತೋರಿಸುವ ಐದಾರು ಸಾಲಿನ ಕೋಡ್. ಸಾವಿರ ಸಾಲಿನ ಇಡೀ ಪ್ರಾಜೆಕ್ಟ್ ಕಳಿಸಬೇಡಿ.