ಆಟಿಯ ಕಷಾಯ ಮತ್ತು ಆಯುರ್ವೇದ ಕೇಳುವ ಮೊದಲ ಪ್ರಶ್ನೆ

ಕಾಸರಗೋಡಿನಲ್ಲಿ ಆಯುರ್ವೇದದ ಮಾತು ಹೆಚ್ಚು ಕೇಳಿಬರುವುದು ಮಳೆಗಾಲದಲ್ಲಿ. ತುಳುವರ ಆಟಿಯೂ ಮಲಯಾಳಿಗಳ ಕರ್ಕಟಕವೂ ಒಂದೇ ತಿಂಗಳು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮನೆಗಳಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಗೆ ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿದು, ಅದರ ಉಷ್ಣ ತಣಿಯಲೆಂದು ಮೆಂತ್ಯದ ಗಂಜಿ ಉಣ್ಣುತ್ತಾರೆ. ಹೊಸದುರ್ಗ, ನೀಲೇಶ್ವರದ ಕಡೆ ಇದೇ ತಿಂಗಳು ಔಷಧೀಯ ಗಂಜಿಯದು ಮತ್ತು ಎಣ್ಣೆ ಹಚ್ಚಿಸಿಕೊಳ್ಳುವ ಚಿಕಿತ್ಸೆಯದು. ಭಾಷೆ ಬೇರೆಯಾದರೂ ಎರಡೂ ಮನೆಗಳು ಒಂದೇ ಮಳೆಗೆ ಉತ್ತರ ಕೊಡುತ್ತಿವೆ.

ಆ ಉತ್ತರದ ತರ್ಕ ಆಯುರ್ವೇದಾಚಾರ್ಯ ವಾಗ್ಭಟನ ಅಷ್ಟಾಂಗಹೃದಯದಲ್ಲಿದೆ. ಚರಕ, ಸುಶ್ರುತ ಸಂಹಿತೆಗಳೆಂಬ ಹಳೆಯ ವೈದ್ಯಗ್ರಂಥಗಳ ಸಾರವನ್ನು 120 ಅಧ್ಯಾಯಗಳಲ್ಲಿ ಸಂಗ್ರಹಿಸಿದ ಈ ಗ್ರಂಥವನ್ನೇ ಕೇರಳದ ವೈದ್ಯಪರಂಪರೆಗಳು ಮುಖ್ಯವಾಗಿ ನೆಚ್ಚಿಕೊಂಡು ಬಂದಿವೆ. ಅದರ ಮೊದಲ ಭಾಗವಾದ ಸೂತ್ರಸ್ಥಾನದ ಮೂರನೆಯ ಅಧ್ಯಾಯವಾದ ಋತುಚರ್ಯೆಯ ಪ್ರಕಾರ, ಬೇಸಿಗೆಯ ತಾಪದಿಂದ ಬಳಲಿದ ದೇಹದಲ್ಲಿ ಜೀರ್ಣಶಕ್ತಿ ಮೊದಲೇ ಕುಗ್ಗಿರುತ್ತದೆ. ಮಳೆ ಹಿಡಿದಾಗ ವಾತ, ಪಿತ್ತ, ಕಫವೆಂಬ ದೋಷಗಳು ಕೆರಳಿ ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ಆದ್ದರಿಂದ ಹಳೆಯ ಧಾನ್ಯ, ಕಾಯಿಸಿದ ನೀರು ಹಿತ; ಹಗಲು ನಿದ್ದೆ ಹಿತವಲ್ಲ.

ಜೀರ್ಣಶಕ್ತಿ ಎಂದು ನಾನು ಬರೆದದ್ದನ್ನು ಶಾಸ್ತ್ರವು ಅಗ್ನಿ ಎನ್ನುತ್ತದೆ. ಆಯುರ್ವೇದವನ್ನು ಪರಿಚಯಿಸುವವರು ಸಾಮಾನ್ಯವಾಗಿ ವಾತ, ಪಿತ್ತ, ಕಫಗಳಿಂದ ಆರಂಭಿಸಿ, ನಿಮ್ಮದು ಯಾವ ಪ್ರಕೃತಿ (ಹುಟ್ಟಿನಿಂದ ಬಂದ ದೇಹಸ್ವಭಾವ) ಎಂದು ಹೇಳಿ ಮುಗಿಸಿಬಿಡುತ್ತಾರೆ. ಅಗ್ನಿಯಿಂದ ಆರಂಭಿಸುವುದೇ ಹೆಚ್ಚು ಸರಿ ಎಂದು ನನಗೆ ಅನಿಸುತ್ತದೆ. ಉಂಡ ಅನ್ನವು ರಸ, ರಕ್ತ, ಮಾಂಸ, ಮೇದ, ಅಸ್ಥಿ, ಮಜ್ಜೆ, ಶುಕ್ರವೆಂಬ, ದೇಹವನ್ನು ಕಟ್ಟುವ ಏಳು ಧಾತುಗಳಾಗಿ ಮಾರ್ಪಡಬೇಕಾದರೆ ಅಗ್ನಿ ಸರಿಯಿರಬೇಕು. ವಾತ ಹೆಚ್ಚಿದರೆ ಅದು ಒಂದು ದಿನ ಚುರುಕು, ಇನ್ನೊಂದು ದಿನ ಮಂಕು. ಪಿತ್ತ ಹೆಚ್ಚಿದರೆ ತೀಕ್ಷ್ಣ, ಕಫ ಹೆಚ್ಚಿದರೆ ಮಂದ. ಸುಶ್ರುತನು ಸ್ವಸ್ಥ ಯಾರೆಂದು ಹೇಳುವಾಗಲೂ ದೋಷ, ಅಗ್ನಿ, ಧಾತುಗಳ ಸಮತೆಯನ್ನೂ ಮಲವಿಸರ್ಜನೆಯ ಕ್ರಮವನ್ನೂ ಹೇಳಿ, ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸುತ್ತಾನೆ. ರೋಗವಿಲ್ಲದಿರುವುದಷ್ಟೇ ಆರೋಗ್ಯವೆಂದು ಅವನು ಒಪ್ಪಲಿಲ್ಲ ಎಂಬುದು ನನ್ನನ್ನು ಈ ಶಾಸ್ತ್ರದತ್ತ ಸೆಳೆದ ಮಾತು.

ನಮ್ಮ ಅಡುಗೆಮನೆಗಳಲ್ಲಿ ಈ ವಿಚಾರ ಹೆಸರಿಲ್ಲದೆ ಬದುಕಿದೆ. ಒಂದೆಲಗದ ತಂಬುಳಿಗೆ ಮಜ್ಜಿಗೆಯೇ ಆಧಾರ. ಮಜ್ಜಿಗೆ ಲಘುವೆಂದೂ ಅಗ್ನಿಯನ್ನು ಎಬ್ಬಿಸುವುದೆಂದೂ ವಾಗ್ಭಟ ಹೊಗಳುತ್ತಾನೆ, ಮೊಸರನ್ನಾದರೋ ರಾತ್ರಿ ತಿನ್ನಬಾರದೆಂದು ತಡೆಯುತ್ತಾನೆ. ಹೊಟ್ಟೆ ಕೆಟ್ಟಾಗ ಹಿರಿಯರು ನೆನೆಯುವ ಕೊಡಸಿಗೆ ಗಿಡವೇ ಗ್ರಂಥಗಳಲ್ಲಿ ಅತಿಸಾರಕ್ಕೆ ಹೇಳಿದ ಕುಟಜ. ಹಸಿವು, ಬಾಯಾರಿಕೆ, ನಿದ್ದೆ, ಸೀನು, ಕಣ್ಣೀರು ಮೊದಲಾದ 13 ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು, ತಡೆಹಿಡಿಯಬಾರದೆಂಬ ಉಪದೇಶವೂ ಅದೇ ಸೂತ್ರಸ್ಥಾನದಲ್ಲಿದೆ. ಬಸ್ಸಿನಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಮೂತ್ರವನ್ನು ಗಂಟೆಗಟ್ಟಲೆ ತಡೆದು ಕುಳಿತುಕೊಳ್ಳಬೇಕಾದ ಹೆಣ್ಣುಮಕ್ಕಳನ್ನು ನೆನೆದರೆ ಈ ಅಧ್ಯಾಯ ಹಳತೆನಿಸುವುದಿಲ್ಲ.

ಇಷ್ಟು ಪ್ರೀತಿಯಿಂದ ಬರೆಯುವಾಗಲೇ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ ಎಂಬ ಪ್ರಚಾರವು ಆಯುರ್ವೇದದ್ದಲ್ಲ. ತೀಕ್ಷ್ಣ ವಿಷವೂ ಯುಕ್ತಿಯಿಂದ ಬಳಸಿದರೆ ಉತ್ತಮ ಔಷಧವಾಗುತ್ತದೆ, ತಪ್ಪಾಗಿ ಬಳಸಿದ ಔಷಧವೇ ವಿಷವಾಗುತ್ತದೆ ಎಂದು ಚರಕಸಂಹಿತೆಯ ಮೊದಲ ಅಧ್ಯಾಯವೇ ಎಚ್ಚರಿಸುತ್ತದೆ. ನಮ್ಮ ಗುಡ್ಡಗಳ ಕಾಸರಕ ಮರ ಇದಕ್ಕೆ ಸಾಕ್ಷಿ. ಅದರ ಬೀಜದಲ್ಲಿರುವ ಸ್ಟ್ರಿಕ್ನಿನ್ ಮಾರಕ ವಿಷ. ವೈದ್ಯರು ಅದನ್ನು ಗೋಮೂತ್ರ, ಹಾಲು, ತುಪ್ಪಗಳಲ್ಲಿ ಶುದ್ಧಿಗೊಳಿಸಿದ ಮೇಲಷ್ಟೇ ಔಷಧಕ್ಕೆ ಸೇರಿಸುತ್ತಾರೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ನಿಯಮಗಳಲ್ಲಿರುವ ವಿಷದ್ರವ್ಯಗಳ ಪಟ್ಟಿಯಲ್ಲಿಯೂ ಅದು ಸೇರಿದೆ. ಆಟಿಯ ಕೆತ್ತೆಯನ್ನು ಸೂರ್ಯೋದಯಕ್ಕೆ ಮುನ್ನ, ಕತ್ತಲಲ್ಲಿ ತರುವುದು ಪದ್ಧತಿ. ಆ ಕತ್ತಲಲ್ಲಿ ಹಾಲೆಯೆಂದು ಕಾಸರಕವನ್ನು ಕೆತ್ತಿದರೆ ಪ್ರಾಣಕ್ಕೇ ಅಪಾಯ. ಹಾಲೆಯ ತೊಗಟೆಯನ್ನು ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ, ಎಲೆಗಳು ಸುತ್ತುಸುತ್ತಾಗಿ ಜೋಡಿಸಿಕೊಂಡಿರುತ್ತವೆ; ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಆದರೂ ಓದಿದ ಗುರುತನ್ನು ನಂಬಿ ಹೊರಡಬೇಡಿ. ಬಲ್ಲವರನ್ನು ಹಿಂದಿನ ದಿನ ಹಗಲಿನಲ್ಲಿಯೇ ಕರೆದೊಯ್ದು ಮರ ತೋರಿಸಿಕೊಳ್ಳಿ. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಪದ್ಧತಿಯೆಂಬ ಕಾರಣಕ್ಕೆ ಈ ಕಷಾಯ ಕುಡಿಸಬೇಡಿ.

ಮಂಡಿನೋವಿಗೆ ಯಾವ ಎಣ್ಣೆ, ಸಕ್ಕರೆ ಕಾಯಿಲೆಗೆ ಯಾವ ಸೊಪ್ಪು ಎಂದು ಪರಿಚಿತರು ಕೇಳುತ್ತಿರುತ್ತಾರೆ. ವೈದ್ಯನ ಮೊದಲ ಪ್ರಶ್ನೆ ಅದಲ್ಲ. ರೋಗ ಯಾರದು ಎಂಬುದು. ಪ್ರಕೃತಿ, ವಿಕೃತಿ (ರೋಗದಿಂದಾದ ಏರುಪೇರು), ವಯಸ್ಸು, ಮನೋಬಲ, ಉಣ್ಣುವ ಶಕ್ತಿ, ಒಗ್ಗಿದ ಆಹಾರ ಹೀಗೆ ಹತ್ತು ಬಗೆಯ ಪರೀಕ್ಷೆಯನ್ನು ಚರಕಸಂಹಿತೆ ಹೇಳುತ್ತದೆ. ಅಷ್ಟನ್ನು ಕೇಳದೆ, ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ಕಷಾಯ ಬರೆದು ಕಳುಹಿಸುವುದು ಶಾಸ್ತ್ರಕ್ಕೆ ವಿರುದ್ಧವಾದ ನಡತೆ. ವೈದ್ಯರಲ್ಲಿಗೆ ಹೋಗುವಾಗ ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ರಕ್ತಪರೀಕ್ಷೆಯ ವರದಿಯನ್ನೂ ಒಯ್ಯಿರಿ. ಇನ್ಸುಲಿನ್, ರಕ್ತದೊತ್ತಡದ ಮಾತ್ರೆಗಳನ್ನು ಅದನ್ನು ಬರೆದುಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಎದೆನೋವು, ಉಸಿರಾಟದ ತೊಂದರೆ, ಹಾವಿನ ಕಡಿತ ಇವುಗಳಿಗೆ ಕಷಾಯ ಕುದಿಸುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಿ.