ರಿಗ್ಲಿ ಫೀಲ್ಡ್‌ಗೆ ಹೋದರೆ ಮೊದಲು ಗಾಳಿ ನೋಡಿ

ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಬೇಸ್‌ಬಾಲ್ ನೋಡಲು ಹೊರಟ ಬೆಳಗ್ಗೆ ಪಿಚರ್, ಅಂದರೆ ಚೆಂಡು ಎಸೆಯುವವ, ಯಾರು ಅಂತ ಆಮೇಲೆ ವಿಚಾರಿಸಿದರಾಯಿತು. ಗಾಳಿ ಯಾವ ಕಡೆಯದು ಅನ್ನುವುದು ಮೊದಲು ಗೊತ್ತಾಗಬೇಕು. ಇಲ್ಲಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಇರುವುದು ನೈರುತ್ಯ ಮೂಲೆಯಲ್ಲಿ, ಬ್ಯಾಟರ್ ನೋಡುವುದು ಈಶಾನ್ಯಕ್ಕೆ. ಪೂರ್ವಕ್ಕೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ನಡೆದರೆ ಮಿಷಿಗನ್ ಸರೋವರ. ಸರೋವರದ ಕಡೆಯಿಂದ ಬೀಸಿದರೆ, ಬೇರೆ ಊರಲ್ಲಿ ಗೋಡೆ ದಾಟುತ್ತಿದ್ದ ಹೊಡೆತ ಇಲ್ಲಿ ಗಕ್ಕನೆ ನಿಂತು ಫೀಲ್ಡರನ ಕೈಗೆ ಬೀಳುತ್ತದೆ. ನೈರುತ್ಯದಿಂದ ಬೀಸಿದರೆ ಸಾಧಾರಣ ಹೊಡೆತವೂ ಬೀದಿಗೆ ಹೋಗುತ್ತದೆ. 1979ರ ಮೇ 17ರಂದು ಅಂಥದೇ ಗಾಳಿಯಲ್ಲಿ ಫಿಲಡೆಲ್ಫಿಯಾ ತಂಡ ಇಲ್ಲಿನ ಕಬ್ಸ್ ತಂಡವನ್ನು 23–22ರಿಂದ ಸೋಲಿಸಿತು. ಹತ್ತು ಇನ್ನಿಂಗ್‌ಗಳ ಆಟ (ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನ್ನಿಂಗ್), 11 ಹೋಮ್ ರನ್, ಅಂದರೆ ಗೋಡೆ ದಾಟಿದ ಹೊಡೆತ. ಇದೇ ಮೈದಾನದಲ್ಲಿ ಗಾಳಿ ತಿರುಗಿದ ದಿನ 1–0ಗೆ ಮುಗಿಯುವ ಆಟಗಳೂ ಉಂಟು.

ಟಿಕೆಟ್ ತೆಗೆಯುವಾಗಲೇ ಈ ಲೆಕ್ಕ ಶುರು. ಏಪ್ರಿಲ್ ಟಿಕೆಟ್ ಅಗ್ಗವಾಗಿ ಸಿಗುತ್ತದೆ ನಿಜ, ಆದರೆ ಸರೋವರದ ಗಾಳಿಗೆ ಜಾಕೆಟ್ಟಿನೊಳಗೂ ನಡುಕ ಬರುತ್ತದೆ. ಮೇಲಾಗಿ ಹೊರಗೋಡೆಯ ಪ್ರಸಿದ್ಧ ಐವಿ ಬಳ್ಳಿ ಆಗ ಬರೀ ಕಂದು ಕಡ್ಡಿ. ಅದು ತುಂಬಿ ಹಸಿರಾಗುವುದು ಜೂನ್ ಹೊತ್ತಿಗೆ. ಮೊದಲ ಸಲ ಸ್ನೇಹಿತರ ಗುಂಪು ಕಟ್ಟಿಕೊಂಡು ಹೋಗುವವರು ಜೂನ್ ನಂತರದ ಮಧ್ಯಾಹ್ನ 1:20ರ ಆಟ ಆರಿಸಿಕೊಳ್ಳುವುದು ಒಳ್ಳೆಯದು. ಇದು ಹಗಲಿನ ಆಟಕ್ಕೇ ಹೆಸರಾದ ಮೈದಾನ. 1941ರಲ್ಲಿ ದೀಪ ಹಾಕಿಸಲು ಸಾಮಾನು ತರಿಸಿಯಾಗಿತ್ತು. ಪರ್ಲ್ ಹಾರ್ಬರ್ ದಾಳಿಯಾದದ್ದೇ ಅದನ್ನೆಲ್ಲ ಯುದ್ಧದ ಕೆಲಸಕ್ಕೆ ಕೊಟ್ಟುಬಿಟ್ಟರು. ಕೊನೆಗೂ ದೀಪ ಹತ್ತಿದ್ದು 1988ರ ಆಗಸ್ಟ್ 8ಕ್ಕೆ, ಅವತ್ತೂ ಮಳೆ ಬಂದು ಆಟ ನಿಂತಿತು!

ಇನ್ನು ಕಂಬಗಳ ಸಂಗತಿ. 1914ರಲ್ಲಿ ಕಟ್ಟಿದ ಮೈದಾನವಿದು. ಅಮೆರಿಕದ ದೊಡ್ಡ ಲೀಗಿನಲ್ಲಿ ಇದಕ್ಕಿಂತ ಹಳೆಯದು ಬಾಸ್ಟನ್ನಿನ ಫೆನ್ವೇ ಪಾರ್ಕ್ ಒಂದೇ. ಆ ಕಾಲದಲ್ಲಿ ಮೇಲಂತಸ್ತಿನ ಭಾರ ಹೊರಲು ಪ್ರೇಕ್ಷಕರ ನಡುವೆಯೇ ಉಕ್ಕಿನ ಕಂಬ ನಿಲ್ಲಿಸುತ್ತಿದ್ದರು. ಹಾಗಾಗಿ 200ರ ಸಂಖ್ಯೆಯ ವಿಭಾಗಗಳಲ್ಲಿ ಟಿಕೆಟ್ ಅಗ್ಗ ಕಂಡಿತೆಂದು ಕಣ್ಣುಮುಚ್ಚಿ ಕೊಂಡರೆ, ಪಿಚರ್ ಕಂಬದ ಹಿಂದೆ, ಬ್ಯಾಟರ್ ಕಂಬದ ಮುಂದೆ ಅನ್ನುವ ಸ್ಥಿತಿ. ಆ ವಿಭಾಗದ ಕೊನೆಯ ಸಾಲುಗಳಲ್ಲಿ ಇನ್ನೊಂದು ತೊಂದರೆ: ಮೇಲಂತಸ್ತು ತಲೆಯ ಮೇಲೆ ಚಾಚಿಕೊಂಡಿರುವುದರಿಂದ ಎತ್ತರಕ್ಕೆ ಹೋದ ಚೆಂಡು ಅರ್ಧದಲ್ಲೇ ಮಾಯವಾಗುತ್ತದೆ. ಫೀಲ್ಡರ್ ಓಡುವುದನ್ನು ನೋಡಿ ಚೆಂಡು ಎಲ್ಲಿದೆ ಅಂತ ಊಹಿಸಬೇಕು. ಜುಲೈ ಬಿಸಿಲಿಗೆ ಮಾತ್ರ ಆ ನೆರಳು ಪುಣ್ಯ. ಹೋಮ್ ಪ್ಲೇಟ್ ಹಿಂದಿನ ಮೇಲಂತಸ್ತಿನಲ್ಲಿ ಮುಂದಿನ ಸಾಲುಗಳು ಸಿಕ್ಕರೆ ಬೇರೆ ಯೋಚನೆ ಬೇಡ. ಗಾಳಿ, ಬಳ್ಳಿ, ಸ್ಕೋರ್‌ಬೋರ್ಡ್, ಗೋಡೆಯಾಚೆಯ ಮನೆಗಳ ತಾರಸಿಯಲ್ಲಿ ಕೂತವರು, ಎಲ್ಲವೂ ಒಂದೇ ನೋಟಕ್ಕೆ ದಕ್ಕುತ್ತದೆ.

ಐದಾರು ಜನ ಒಟ್ಟಿಗೆ ಹರಟುತ್ತಾ ಕೂರುವುದೇ ಮುಖ್ಯವಾದರೆ ಬ್ಲೀಚರ್ಸ್, ಅಂದರೆ ಹೊರಗೋಡೆಯ ಮೇಲಿನ ಉದ್ದ ಬೆಂಚುಗಳು. ಅಲ್ಲಿ ಸೀಟಿಗೆ ನಂಬರಿಲ್ಲ, ಮೊದಲು ಬಂದವರಿಗೆ ಮೊದಲ ಜಾಗ. ವೇವ್‌ಲ್ಯಾಂಡ್ ಮತ್ತು ಶೆಫೀಲ್ಡ್ ಬೀದಿಗಳು ಕೂಡುವಲ್ಲಿ ಅದಕ್ಕೆ ಬೇರೆಯೇ ಗೇಟು. ಗೇಟು ತೆಗೆಯುವ ಹೊತ್ತಿಗೆ ಇಬ್ಬರಾದರೂ ಅಲ್ಲಿರಬೇಕು. ಮಿಕ್ಕವರು ತಡವಾಗಿ ಬಂದರೆ ಅವರಿಗೆಂದು ಹಿಡಿದಿಟ್ಟ ಜಾಗಕ್ಕೆ ಜಗಳ ಖಚಿತ. ಟಿಕೆಟ್‌ಗಳು ಫೋನಿನಲ್ಲೇ ಇರುವುದರಿಂದ ಒಬ್ಬರೇ ಎಲ್ಲವನ್ನೂ ಇಟ್ಟುಕೊಳ್ಳುವ ಬದಲು ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ಹಂಚಿಬಿಡಿ. ಸಾವಿರಾರು ಜನ ಸೇರಿದ ಗೇಟಿನ ಮುಂದೆ ನೆಟ್‌ವರ್ಕ್ ಕೈಕೊಡುವುದು ಸರಿಯಾಗಿ ನಿಮ್ಮ ಸರದಿ ಬಂದಾಗಲೇ. ಬ್ಲೀಚರ್ಸ್‌ನಲ್ಲಿ ಒಂದು ಕಟ್ಟಳೆಯಿದೆ: ಎದುರಾಳಿಯ ಹೋಮ್ ರನ್ ಚೆಂಡು ಕೈಗೆ ಸಿಕ್ಕರೆ ಅದನ್ನು ಮೈದಾನಕ್ಕೆ ವಾಪಸ್ ಎಸೆಯಬೇಕು, ಎಸೆಯುವವರೆಗೆ ಸುತ್ತಲಿನವರು ಬಿಡುವುದಿಲ್ಲ. ಪಳಗಿದವರು ಜೇಬಲ್ಲಿ ಒಂದು ಹಳೇ ಚೆಂಡು ತಂದಿರುತ್ತಾರೆ. ಎಸೆಯುವುದು ಅದನ್ನು.

ಬೇರೆ ಸೀಟುಗಳಲ್ಲಿ ಹಾರಿಬಂದ ಫೌಲ್ ಚೆಂಡು, ಅಂದರೆ ಅಡ್ಡಗೆರೆಯಾಚೆ ಹೋದ ಹೊಡೆತ, ಸಿಕ್ಕರೆ ಅದು ನಿಮ್ಮದೇ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ಲಿ ಚೆಂಡು ಹಿಂದಿರುಗಿಸಿದರೆ ತಾನೆ ಆಟ. ಆದರೆ ಬರಿಗೈ ಒಡ್ಡುವ ಮುನ್ನ ಯೋಚಿಸಿ. ಬೇಸ್‌ಬಾಲ್ ತೂಗುವುದು 142ರಿಂದ 149 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಹತ್ತಿಪ್ಪತ್ತು ಗ್ರಾಂ ಕಡಿಮೆ ಅಷ್ಟೇ. ಬಲೆ ಇಲ್ಲದ ಕಡೆ ಕೂತು ಫೋನ್ ನೋಡುತ್ತಿದ್ದವರಿಗೇ ಹೆಚ್ಚಾಗಿ ಏಟು ಬೀಳುವುದು.

ಆ ಐವಿ ಬಳ್ಳಿ ನೆಟ್ಟಿದ್ದು 1937ರಲ್ಲಿ, ಬಿಲ್ ವೀಕ್ ಅನ್ನುವವರ ಉಸ್ತುವಾರಿಯಲ್ಲಿ. ನೋಡಲು ಚೆಂದ, ಹಿಂದಿರುವುದು ಇಟ್ಟಿಗೆ ಗೋಡೆ. ಎಲೆಯ ಮೆತ್ತೆ ಅಂತ ನಂಬಿ ಡಿಕ್ಕಿ ಹೊಡೆದರೆ ಮೂಳೆ ಉಳಿಯುವುದಿಲ್ಲ. ಚೆಂಡು ಬಳ್ಳಿಯೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಮೇಲೆತ್ತಿ ಸುಮ್ಮನೆ ನಿಲ್ಲುತ್ತಾನೆ. ಅಂಪೈರ್ ಒಪ್ಪಿದರೆ ಅದು ಗ್ರೌಂಡ್ ರೂಲ್ ಡಬಲ್: ಬ್ಯಾಟರ್ ಓಡಿ ಮುಟ್ಟಬೇಕಾದ ನಾಲ್ಕು ಬೇಸ್‌ಗಳಲ್ಲಿ ಎರಡನೆಯದು ಸಿಗುತ್ತದೆ, ಅದಕ್ಕಿಂತ ಮುಂದೆ ಓಡುವಂತಿಲ್ಲ. ಅದರ ಬದಲು ಫೀಲ್ಡರ್ ಬಳ್ಳಿಗೆ ಕೈಹಾಕಿ ತಡಕಾಡಲು ಶುರುಮಾಡಿದರೆ ಚೆಂಡು ಆಟದಲ್ಲೇ ಇದೆ ಎಂದರ್ಥ, ಬ್ಯಾಟರ್ ಎಷ್ಟು ಬೇಕಾದರೂ ಓಡಬಹುದು. ಚೆಂಡು ಗೋಡೆ ಕಡೆ ಉರುಳಿದಾಗ ಜನ ಚೆಂಡನ್ನು ಬಿಟ್ಟು ಫೀಲ್ಡರನ ಕೈ ನೋಡುವುದು ಇದಕ್ಕೇ. ಗೋಡೆಯ ತಲೆಗೆ ಹೊರಚಾಚಿದ ತಂತಿಬುಟ್ಟಿ 1970ರದು. ಪ್ರೇಕ್ಷಕರು ಮೈದಾನಕ್ಕೆ ಧುಮುಕದಿರಲಿ ಅಂತ ಕಟ್ಟಿದ್ದು, ಆದರೆ ಹೊಡೆದ ಚೆಂಡು ಅದರಲ್ಲಿ ಬಿದ್ದರೂ ಹೋಮ್ ರನ್ನೇ. ಗೋಡೆಗೆ ಬಡಿಯಬೇಕಿದ್ದ ಚೆಂಡು ಹಾಗೆ ಬುಟ್ಟಿಗೆ ಬಿದ್ದಾಗ ಪಿಚರನ ಮುಖ ನೋಡಬೇಕು.

ಊಟದ ವಿಷಯ ಚುಟುಕಾಗಿ. ಹಾಟ್ ಡಾಗ್‌ಗೆ ಇಲ್ಲಿ ಸಾಸಿವೆ ಹಾಕುತ್ತಾರೆ, ಕೆಚಪ್ ಕೇಳಿದರೆ ಶಿಕಾಗೋದವರು ಹುಬ್ಬೇರಿಸುತ್ತಾರೆ. ಸಸ್ಯಾಹಾರಿಗಳಿಗೆ ಒಳಗೆ ಆಯ್ಕೆ ಕಮ್ಮಿ. ಹೊರಗಿನ ತಿಂಡಿ, ಸೀಲು ಒಡೆಯದ ನೀರಿನ ಬಾಟಲಿ ಒಯ್ಯುವ ನಿಯಮವನ್ನು ಹೊರಡುವ ಮುನ್ನ ತಂಡದ ಜಾಲತಾಣದಲ್ಲಿ ನೋಡಿಕೊಂಡರೆ ಚಪಾತಿ ಸುರುಳಿಗೂ ದಾರಿಯಾದೀತು. 2023ರಲ್ಲಿ ಪಿಚರ್ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕು ಅಂತ ಗಡಿಯಾರ ಇಟ್ಟ ಮೇಲೆ ಆಟ ಎರಡೂವರೆ ಗಂಟೆಯ ಆಚೀಚೆ ಮುಗಿಯುತ್ತದೆ. ಮಧ್ಯೆ ಊಟಕ್ಕೆಂದು ಎದ್ದು ಸಾಲಲ್ಲಿ ನಿಂತರೆ ಎರಡು ಇನ್ನಿಂಗ್ ಖರ್ಚು. ಏಳನೇ ಇನ್ನಿಂಗ್‌ನ ನಡುವೆ ಮಾತ್ರ ಸೀಟಿನಲ್ಲೇ ಇರಿ, ಇಡೀ ಮೈದಾನ ಎದ್ದುನಿಂತು ಹಾಡುತ್ತದೆ. ಹ್ಯಾರಿ ಕೇರಿ ಎಂಬ ವೀಕ್ಷಕ ವಿವರಣೆಗಾರರು ಕಿಟಕಿಯಿಂದ ಮೈಕ್ ಹಿಡಿದು ಬಾಗಿ ಹಾಡಿಸುತ್ತಿದ್ದ ಪದ್ಧತಿ, 1998ರಲ್ಲಿ ಅವರು ತೀರಿಕೊಂಡ ಮೇಲೆ ಅತಿಥಿಗಳು ನಡೆಸಿಕೊಂಡು ಬಂದಿದ್ದಾರೆ.

ನಡುಮೈದಾನದ ಹಿಂದಿನ ಹಸಿರು ಸ್ಕೋರ್‌ಬೋರ್ಡ್ ಕೂಡ 1937ರದೇ. ಒಳಗೆ ಕೂತವರು ಇವತ್ತಿಗೂ ಅಂಕಿಯ ಹಲಗೆಗಳನ್ನು ಕೈಯಿಂದಲೇ ಬದಲಿಸುತ್ತಾರೆ. ಹೊಡೆದ ಚೆಂಡು ಅದಕ್ಕೆ ಈವರೆಗೆ ತಾಗಿಲ್ಲ. ಅದರ ನೆತ್ತಿಯ ಬಾವುಟಗಳೇ ಗಾಳಿ ಹೇಳುವುದು. ಆ ಬಾವುಟಗಳನ್ನು ಕಟ್ಟಿರುವ ಕ್ರಮ ಅಂದಿನ ಅಂಕಪಟ್ಟಿಯಲ್ಲಿ ತಂಡಗಳು ಇರುವ ಕ್ರಮ. ಆಟ ಮುಗಿದ ಮೇಲೆ ಇನ್ನೊಂದು ಬಾವುಟ ಏರುತ್ತದೆ. ಬಿಳಿ ಬಟ್ಟೆಯ ಮೇಲೆ ನೀಲಿ ಡಬ್ಲ್ಯೂ ಇದ್ದರೆ ಕಬ್ಸ್ ಗೆದ್ದರು, ನೀಲಿಯ ಮೇಲೆ ಬಿಳಿ ಎಲ್ ಇದ್ದರೆ ಸೋತರು. ಪಕ್ಕದ ಎತ್ತರದ ಹಳಿಯಲ್ಲಿ ಹೋಗುವ ರೆಡ್ ಲೈನ್ ರೈಲಿನವರಿಗೂ ಇದು ಕಾಣುತ್ತದೆ. 1908ರಲ್ಲಿ ಗೆದ್ದ ಮೇಲೆ 2016ರವರೆಗೆ ಒಂದೂ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಅಂತಿಮ ಸರಣಿ, ಗೆಲ್ಲದಿದ್ದ ತಂಡವಾದ್ದರಿಂದ ಬಿಳಿ ಬಾವುಟ ಕಂಡರೆ ಜನ ಬೇಗ ಜಾಗ ಖಾಲಿ ಮಾಡುವುದಿಲ್ಲ, ಆಮೇಲೆ ಎಲ್ಲರೂ ಒಮ್ಮೆಗೇ ಅಡಿಸನ್ ನಿಲ್ದಾಣಕ್ಕೆ ನುಗ್ಗುತ್ತಾರೆ. ಅಂಥ ದಿನ ದಕ್ಷಿಣಕ್ಕೆ ಹದಿನೈದು ನಿಮಿಷ ನಡೆದು ಬೆಲ್ಮಾಂಟ್‌ನಲ್ಲಿ ರೈಲು ಹತ್ತಿ. ಅಲ್ಲಿ ಬ್ರೌನ್ ಲೈನೂ ಸಿಗುತ್ತದೆ.